ಮೂರು ನಿಮಿಷದ ರೆಕಾರ್ಡು, ಮೂರು ತಾಸಿನ ನಾಟಕ

ಕಳೆದ ತಿಂಗಳು ಪುಣೆಯಲ್ಲಿ ‘ಸಂಗೀತ ಸೌಭದ್ರ’ ಅನ್ನುವ ಹಳೇ ಮರಾಠಿ ಸಂಗೀತ ನಾಟಕದ ಹೊಸ ಪ್ರಯೋಗವೊಂದಕ್ಕೆ ಹೋಗಿದ್ದೆ. ತಂಡದ ಹೆಸರು ಬೇಡ. ಪಾಪ, ಅದು ಅವರ ಮೂರನೇ ಶೋ ಅಷ್ಟೆ.

ಮಧ್ಯಂತರದಲ್ಲಿ ಬಟಾಟೆ ವಡೆಯ ಸಾಲಿನಲ್ಲಿ ನಿಂತಿದ್ದೆ. (ಮರಾಠಿ ನಾಟಕಕ್ಕೆ ಹೋಗಿ ವಡೆ ತಿನ್ನದೆ ಬಂದರೆ ಅರ್ಧ ನಾಟಕ ನೋಡಿದ ಲೆಕ್ಕ.) ಮುಂದೆ ನಿಂತಿದ್ದ ಅಜ್ಜ ಪಕ್ಕದವರ ಹತ್ತಿರ ಸಿಡಿಮಿಡಿ ಮಾಡುತ್ತಿದ್ದರು. ಪದಗಳನ್ನೆಲ್ಲ (ನಾಟಕದ ಹಾಡುಗಳಿಗೆ ಹಾಗೇ ಅನ್ನುವುದು) ಕತ್ತರಿಸಿ ಹಾಕಿದ್ದಾರೆ, ಇನ್ನೇನು ಉಳಿಯಿತು ಅಂತ. ಹಿಂದೆ ಒಬ್ಬಳು ಕಾಲೇಜು ಹುಡುಗಿ. ಅವಳು ಗೆಳತಿಗೆ ಹೇಳುತ್ತಿದ್ದಳು: ಒಂದೇ ಸಾಲನ್ನು ಎಷ್ಟು ಸಲ ಹಾಡ್ತಾನೆ ಮಾರಾಯ್ತಿ, ಕಥೆ ಯಾವಾಗ ಮುಂದೆ ಹೋಗೋದು? ಇಬ್ಬರೂ ಅದೇ ನಾಟಕ ನೋಡಿ ಎದ್ದು ಬಂದವರು. ಒಬ್ಬರಿಗೆ ಹಾಡು ಸಾಲದು, ಇನ್ನೊಬ್ಬರಿಗೆ ಹಾಡು ಜಾಸ್ತಿ.

ನನ್ನ ಜೊತೆ ಬಂದಿದ್ದವರು ನಮ್ಮ ಸೋದರತ್ತೆ. ಹುಬ್ಬಳ್ಳಿಯವರು, ಮದುವೆಯಾಗಿ ಪುಣೆಗೆ ಬಂದು ಐವತ್ತು ವರ್ಷ. ನಾಟಕ ಮುಗಿಯುವವರೆಗೂ ಕುರ್ಚಿಯ ಕೈ ಮೇಲೆ ಬೆರಳಲ್ಲಿ ತಾಳ ಹಾಕುತ್ತಲೇ ಇದ್ದರು. ವಾಪಸ್ ಬರುವಾಗ ರಿಕ್ಷಾದಲ್ಲಿ ಹೇಗಿತ್ತು ಅಂತ ಕೇಳಿದೆ.

“ಹಾಡು ಚಲೋ ಹಾಡಿದ್ರವಾ. ಆದ್ರ ಮೊದಲಿನಂಗ ಇಲ್ಲ ಬಿಡು.”

“ಮೊದಲು ಯಾವಾಗ ನೋಡಿದ್ರಿ ಅತ್ತೆ?”

“ನಾಟಕಾ? ನೋಡೇ ಇಲ್ಲ. ಇವತ್ತೇ ಮೊದಲನೇ ಸಲ. ರೇಡಿಯೋದಾಗ ಕೇಳಿದ್ದು.”

ನಗು ಬಂತು. ಆದರೆ ಆಮೇಲೆ ಯೋಚನೆ ಮಾಡಿದಷ್ಟೂ, ಹಳೇ ಸಂಗೀತ ನಾಟಕ ಮತ್ತೆ ರಂಗಕ್ಕೆ ಬಂದಾಗಲೆಲ್ಲ ಎದ್ದೇಳುವ ಗಲಾಟೆಯ ಗುಟ್ಟು ಅತ್ತೆಯ ಆ ಒಂದು ಮಾತಿನಲ್ಲೇ ಇದೆ ಅನ್ನಿಸಿತು. ಮೊದಲ ನಾಲ್ಕೈದು ಪ್ರಯೋಗಗಳಿಗೆ ಬರುವವರಲ್ಲಿ ಹೆಚ್ಚಿನವರು ಹೊಸದನ್ನು ನೋಡಲು ಬಂದವರಲ್ಲ, ಅಳೆಯಲು ಬಂದವರು. ಮತ್ತು ಅವರ ಕೈಯಲ್ಲಿರುವ ಅಳತೆಗೋಲು ರಂಗದ ಮೇಲಿನದ್ದಲ್ಲ. ಅದು ರೆಕಾರ್ಡಿನದ್ದು.

ಸ್ವಲ್ಪ ಲೆಕ್ಕ ಹಾಕಿ ನೋಡಿ. 78 ಆರ್‌ಪಿಎಂ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ. ಸ್ತ್ರೀಪಾತ್ರಗಳಿಗೆ ಹೆಸರಾದ ಮರಾಠಿ ಗಾಯಕ-ನಟ ಬಾಲಗಂಧರ್ವರು ರಂಗದ ಮೇಲೆ ಅದೇ ಪದವನ್ನು ಹತ್ತು-ಹದಿನೈದು ನಿಮಿಷ ಬೆಳೆಸುತ್ತಿದ್ದರು, ಜನ ವನ್ಸ್ ಮೋರ್ ಅಂದರೆ ಮತ್ತೆ, ಮತ್ತೊಮ್ಮೆ. ರೆಕಾರ್ಡಿಂಗಿಗೆ ಕೂತಾಗ ಅದನ್ನೇ ಮೂರು ನಿಮಿಷಕ್ಕೆ ಹಿಂಡಿ ಕೊಡಬೇಕಿತ್ತು. ಆ ಹಿಂಡಿದ ರೂಪ ರೇಡಿಯೋಗೆ ಬಂತು, ಬೆಳಿಗ್ಗೆ ಬೆಳಿಗ್ಗೆ ಮನೆಮನೆಯಲ್ಲಿ ಕೇಳಿಸಿತು, ಎರಡು ತಲೆಮಾರಿನ ಕಿವಿಯಲ್ಲಿ ಅದೇ ‘ಮೂಲ’ ಆಗಿ ಕೂತಿತು. ಈಗ ಹೊಸ ಗಾಯಕ ಆರು ನಿಮಿಷ ಹಾಡಿದರೆ ಎಳೆದ ಅಂತೀವಿ, ಎರಡು ನಿಮಿಷಕ್ಕೆ ನಿಲ್ಲಿಸಿದರೆ ಕತ್ತರಿಸಿದ ಅಂತೀವಿ. ಹೋಲಿಕೆ ನಡೆಯುತ್ತಿರುವುದು ಮೊದಲೇ ಕತ್ತರಿಸಿದ ಒಂದು ವಸ್ತುವಿನ ಜೊತೆ ಅನ್ನೋದು ಯಾರಿಗೂ ನೆನಪಿರುವುದಿಲ್ಲ.

ಇನ್ನು ನಿಜವಾದ ಮೂಲದ ಕಥೆ ಕೇಳಿ. ಮರಾಠಿ ಸಂಗೀತ ನಾಟಕದ ಹುಟ್ಟಿದ ದಿನ ಅಂತ ಹೇಳುವುದು 1880ರ ಅಕ್ಟೋಬರ್ 31ನ್ನು. ಅವತ್ತು ಪುಣೆಯ ಆನಂದೋದ್ಭವ ನಾಟಕಗೃಹದಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರ ‘ಸಂಗೀತ ಶಾಕುಂತಲ’ ಆಯಿತು. ಏಳು ಅಂಕಗಳ ನಾಟಕ, ಆದರೆ ಅವತ್ತು ಆಡಿದ್ದು ನಾಲ್ಕೇ ಅಂಕ. ಎರಡು ವರ್ಷದ ಮೇಲೆ, 1882ರಲ್ಲಿ, ಅವರ ‘ಸೌಭದ್ರ’ವೂ ಮೊದಲು ಮೂರು ಅಂಕ ಮಾತ್ರ ರಂಗಕ್ಕೆ ಬಂತು, ಪೂರ್ತಿ ಐದು ಅಂಕ ಆಮೇಲೆ. ಅಂದರೆ ಈ ಪರಂಪರೆಯ ಎರಡು ದೊಡ್ಡ ನಾಟಕಗಳ ಮೊದಲ ಪ್ರಯೋಗಗಳೇ ಅರ್ಧಂಬರ್ಧ! ಜನರ ಮುಂದೆ ಒಂದಿಷ್ಟು ಇಟ್ಟು, ಏನಾಗುತ್ತದೆ ನೋಡಿ, ಮುಂದಿನದನ್ನು ಕಟ್ಟಿದ್ದಾರೆ. ಶಾಕುಂತಲದ ಪುಸ್ತಕದಲ್ಲಿ ಸುಮಾರು 200 ಪದಗಳಿದ್ದವು. ಯಾವ ರಾತ್ರಿ ಎಷ್ಟು ಹಾಡು, ಯಾವುದು ಎಷ್ಟು ಹೊತ್ತು ಅನ್ನುವುದನ್ನು ಬಹಳ ಮಟ್ಟಿಗೆ ತೀರ್ಮಾನ ಮಾಡುತ್ತಿದ್ದದ್ದು ಎದುರಿಗೆ ಕೂತ ಜನ. ವಡೆ ಸಾಲಿನ ಅಜ್ಜನಿಗೆ ಇದನ್ನು ಹೇಳೋಣ ಅಂದುಕೊಂಡೆ, ಅಷ್ಟರಲ್ಲಿ ಅವರ ಸರದಿ ಬಂತು.

ಕನ್ನಡದವರಾಗಿ ನಾವು ಈ ‘ಶುದ್ಧ ಮೂಲ’ದ ಮಾತಿಗೆ ಸ್ವಲ್ಪ ನಗಬಹುದು. ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಸುತ್ತ ಕೇಳುತ್ತಿದ್ದ ಕನ್ನಡ ಹಾಡುಗಳ ಧಾಟಿಗಳನ್ನು ಅವರು ತಮ್ಮ ಪದಗಳಿಗೆ ಸಲೀಸಾಗಿ ತಂದುಕೊಂಡರು. ಅದಕ್ಕೂ ಹಿಂದೆ, 1843ರಲ್ಲಿ, ವಿಷ್ಣುದಾಸ ಭಾವೆ ಸಾಂಗಲಿಯಲ್ಲಿ ‘ಸೀತಾ ಸ್ವಯಂವರ’ ಆಡಿದ್ದು ಯಾಕೆ? ಉತ್ತರ ಕನ್ನಡದ ಕಡೆಯಿಂದ ಬಂದ ಭಾಗವತರ ಮೇಳದ ಆಟ ನೋಡಿದ ಅಲ್ಲಿನ ರಾಜರು, ಇಂಥದ್ದೇ ಮರಾಠಿಯಲ್ಲಿ ಮಾಡು ಅಂದರು ಅಂತ. ಕಿರ್ಲೋಸ್ಕರರಿಗೆ ಪಾರ್ಸಿ ಕಂಪನಿಯ ‘ಇಂದ್ರಸಭಾ’ ನೋಡಿ ಹುಮ್ಮಸ್ಸು ಬಂದದ್ದೂ ಎಲ್ಲರೂ ಹೇಳುವ ಮಾತು. ನಮ್ಮ ಆಟ, ಪಾರ್ಸಿ ಥಾಟು, ಕಾಳಿದಾಸನ ಕಥೆ, ಎಲ್ಲ ಸೇರಿದ ಕಲಸುಮೇಲೋಗರ ಅದು, ಒಳ್ಳೆಯ ಅರ್ಥದಲ್ಲಿ.

ನಮ್ಮ ಕಡೆಯ ಪ್ರೇಕ್ಷಕರ ಪ್ರತಿಕ್ರಿಯೆಯೂ ಕಡಿಮೆಯದ್ದಲ್ಲ. ಧಾರವಾಡ, ಹುಬ್ಬಳ್ಳಿ, ಬೆಳಗಾವಿಯಲ್ಲಿ ಮರಾಠಿ ಕಂಪನಿಗಳಿಗೆ ಜನ ಮುಗಿಬೀಳುವುದನ್ನು ನೋಡಿ ಕೆರಳಿದ ಶಾಂತಕವಿಗಳು 1870ರ ದಶಕದಲ್ಲೇ ಗದಗದಲ್ಲಿ ಕನ್ನಡದ ನಾಟಕ ಮಂಡಳಿ ಕಟ್ಟಿದರು. ನಾಟಕ ನೋಡಿ ಬೇಜಾರಾದರೆ ಇವತ್ತು ನಾವು ಫೋನಿನಲ್ಲಿ ಎರಡು ಸಾಲು ಕುಟ್ಟುತ್ತೇವೆ. ಅವರು ಒಂದು ಕಂಪನಿಯನ್ನೇ ಶುರು ಮಾಡಿದರು! ಇತ್ತ ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ರಂಗದ ಮೇಲೆ ಹಾಡಿ ಹೆಸರು ಮಾಡಿದರು. ಅವರ ಹೆಸರಿನ ಸಂಗೀತೋತ್ಸವವನ್ನು ಗದಗದ ಭೀಮಸೇನ ಜೋಶಿ 1953ರಿಂದ ಪುಣೆಯಲ್ಲಿ ಬೆಳೆಸಿದರು. ಪುಣೆಯ ಕನ್ನಡಿಗರ ಕಿವಿ ನಾಟ್ಯಗೀತಕ್ಕೆ ಅಷ್ಟು ಪಳಗಿರುವುದಕ್ಕೆ, ನಮ್ಮ ಅತ್ತೆಯ ಬೆರಳು ತಾನಾಗಿ ತಾಳ ಹಾಕುವುದಕ್ಕೆ, ಇದೆಲ್ಲ ಕಾರಣ.

ಸರಿ, ಹಾಗಾದರೆ ಆ ಕಾಲೇಜು ಹುಡುಗಿ ಹೇಳಿದ್ದು? ನನಗೆ ಅವಳ ದೂರೇ ಹೆಚ್ಚು ಮುಖ್ಯ ಅನ್ನಿಸುತ್ತದೆ.

ಸೌಭದ್ರದ ಕಥೆ ನಮಗೆಲ್ಲ ಗೊತ್ತು. ಸುಭದ್ರೆಗೆ ಅರ್ಜುನ ಬೇಕು, ಬಲರಾಮನಿಗೆ ದುರ್ಯೋಧನ ಭಾವ ಆಗಬೇಕು, ಕೃಷ್ಣ ಮಧ್ಯೆ ಕೂತು ಆಟ ಆಡಿಸುತ್ತಾನೆ, ಅರ್ಜುನ ಸನ್ಯಾಸಿ ವೇಷದಲ್ಲಿ ಬಂದು ಮನೆಯೊಳಗೇ ಠಿಕಾಣಿ ಹೂಡುತ್ತಾನೆ. ಒಳ್ಳೆಯ ಮನೆಜಗಳದ ಕಾಮಿಡಿ ಇದು. ಹಳೇ ಪ್ರೇಕ್ಷಕರಿಗೆ ಕಥೆ ಬಾಯಿಪಾಠ, ಹಾಗಾಗಿ ಮುಂದೇನು ಅನ್ನುವ ಅವಸರ ಇರಲಿಲ್ಲ. ಕಥೆ ನಿಂತ ಜಾಗದಲ್ಲಿ ಹಾಡು ಕೇಳುವುದಕ್ಕೇ ಅವರು ಬರುತ್ತಿದ್ದರು. 1921ರ ಜುಲೈನಲ್ಲಿ ಮುಂಬಯಿಯಲ್ಲಿ ತಿಲಕ್ ಸ್ವರಾಜ್ಯ ಫಂಡಿಗಾಗಿ ‘ಮಾನಾಪಮಾನ’ ಅನ್ನುವ ಇನ್ನೊಂದು ಸಂಗೀತ ನಾಟಕದ ಸಂಯುಕ್ತ ಪ್ರಯೋಗ ಆಯಿತಲ್ಲ, ಕೇಶವರಾವ್ ಭೋಸಲೆ ನಾಯಕ ಧೈರ್ಯಧರ, ಬಾಲಗಂಧರ್ವ ನಾಯಕಿ ಭಾಮಿನಿ. ಬೇರೆ ಬೇರೆ ಕಂಪನಿಯ ಇಬ್ಬರು ದಿಗ್ಗಜರು ಒಂದೇ ರಂಗದ ಮೇಲೆ. ಅವತ್ತು ಧೈರ್ಯಧರನಿಗೆ ಭಾಮಿನಿ ಸಿಗುತ್ತಾಳೋ ಇಲ್ಲವೋ ಅಂತ ತಲೆ ಕೆಡಿಸಿಕೊಂಡು ಯಾರಾದರೂ ಕೂತಿದ್ದರಾ? ಯಾರ ತಾನ್ ಯಾರನ್ನು ಮೀರಿಸಿತು ಅನ್ನುವುದೇ ನಾಟಕ.

ಇವತ್ತಿನ ಹುಡುಗಿಗೆ ಆ ಒಪ್ಪಂದ ಗೊತ್ತಿಲ್ಲ. ಗೊತ್ತಿರಲೇಬೇಕು ಅಂತ ನಾವು ಹಟ ಹಿಡಿಯೋದೂ ತಪ್ಪು. ಟಿಕೆಟ್ ಕೊಟ್ಟು ಬಂದಿದ್ದಾಳೆ.

ಅವಳ ಬೇಜಾರಿಗೆ ಉದ್ದ ಕಾರಣ ಅಂತ ನನಗೆ ಅನ್ನಿಸಲಿಲ್ಲ. ಬೆಸುಗೆ ಕಾರಣ. ಮಾತು ಮುಗಿದು ಹಾಡು ಶುರುವಾಗುವ ಆ ಎರಡು ಕ್ಷಣ ಇದೆಯಲ್ಲ, ಅಲ್ಲಿ ಅವತ್ತು ಏನಾಗುತ್ತಿತ್ತು ಗಮನಿಸಿದೆ. ಅರ್ಜುನ ಮಾತು ನಿಲ್ಲಿಸುತ್ತಾನೆ. ಒಂದು ಹೆಜ್ಜೆ ಮುಂದೆ ಬರುತ್ತಾನೆ. ಬೆಳಕು ಬದಲಾಗುತ್ತದೆ. ಆರ್ಗನ್ ಸುರು. ಸುಭದ್ರೆ ಏನು ಮಾಡಬೇಕು ಗೊತ್ತಾಗದೆ ಸೆರಗು ಸರಿಮಾಡಿಕೊಳ್ಳುತ್ತಾಳೆ. ಇವನು ಹಾಡುತ್ತಾನೆ, ಚಪ್ಪಾಳೆ ಬೀಳುತ್ತದೆ, ಇವನು ತಲೆ ಬಾಗಿಸಿ ಮತ್ತೆ ಅರ್ಜುನ ಆಗುತ್ತಾನೆ. ಹಾಡಿನ ಹೊತ್ತಿಗೆ ಅವನು ಅರ್ಜುನ ಆಗಿರಲೇ ಇಲ್ಲ, ಕಚೇರಿಗೆ ಕೂತ ಗವಾಯಿ ಆಗಿದ್ದ. ಕಥೆ ನಿಂತಿತು ಅಂತ ಹುಡುಗಿ ಹೇಳಿದ್ದು ಇದನ್ನೇ.

ಮೈಕಿನ ಪಾಲೂ ಇದರಲ್ಲಿದೆ. ಕಂಪನಿ ಕಾಲದಲ್ಲಿ ಮೈಕು ಇಲ್ಲ. ಮಾತನ್ನೂ ಕೊನೆಯ ಸಾಲಿಗೆ ಮುಟ್ಟಿಸಬೇಕಾದರೆ ಎತ್ತರದ ದನಿಯಲ್ಲಿ, ಅರ್ಧ ಹಾಡಿದ ಹಾಗೇ ಆಡಬೇಕಿತ್ತು. ಆ ಮಾತಿನಿಂದ ಹಾಡಿಗೆ ಒಂದೇ ಮೆಟ್ಟಿಲು. ಕಾಲಲ್ಲಿ ಒತ್ತುವ ಆರ್ಗನ್ ಒಂದೇ ಸಮ ಸ್ವರ ಹಿಡಿದಿರುತ್ತಿತ್ತು, ನಟ ಮಾತಾಡುತ್ತಲೇ ಅದರೊಳಗೆ ಜಾರಿಬಿಡಬಹುದಿತ್ತು. ಇವತ್ತಿನ ನಟರು ಕೆನ್ನೆಗೆ ಅಂಟಿಸಿದ ಮೈಕಿನಲ್ಲಿ ಮನೆಯಲ್ಲಿ ಮಾತಾಡಿದ ಹಾಗೆ ಮೆಲ್ಲಗೆ, ಸಹಜವಾಗಿ ಮಾತಾಡುತ್ತಾರೆ. ಚೆನ್ನಾಗಿಯೇ ಇರುತ್ತದೆ. ಆದರೆ ಅಲ್ಲಿಂದ ತಾರಸ್ಥಾಯಿಗೆ ಹೋಗಬೇಕಾದರೆ ಮೂರು ಮಹಡಿ ಏರಬೇಕು. ಲಿಫ್ಟ್ ಇಲ್ಲ.

ಎಲ್ಲ ಸಂಗೀತ ನಾಟಕಕ್ಕೂ ಈ ಕಷ್ಟ ಒಂದೇ ಥರ ಬರುವುದಿಲ್ಲ. 1967ರ ‘ಕಟ್ಯಾರ್ ಕಾಳಜಾತ್ ಘುಸಲಿ’ ನೋಡಿ. ಪುರುಷೋತ್ತಮ ದಾರ್ವ್ಹೇಕರ್ ಬರೆದದ್ದು, ಗೋವೆಯ ಮಂಗೇಶಿಯ ಜಿತೇಂದ್ರ ಅಭಿಷೇಕಿ ಸಂಗೀತ, ವಸಂತರಾವ್ ದೇಶಪಾಂಡೆ ಖಾನ್‌ಸಾಹೇಬ್ ಪಾತ್ರದಲ್ಲಿ. ಕಥೆಯೇ ಎರಡು ಗಾಯನ ಘರಾಣೆಗಳ ಜಿದ್ದು. ಅಲ್ಲಿ ಹಾಡು ಅಂದರೆ ಏಟು, ಹಾಡು ಅಂದರೆ ಕಳ್ಳತನ. ಕಥೆ ನಡೆಯುವುದೇ ಹಾಡಿನಲ್ಲಿ, ಹಾಗಾಗಿ 2010ರಲ್ಲಿ ಅದು ಮತ್ತೆ ರಂಗಕ್ಕೆ ಬಂದಾಗ ಹೊಸಬರಿಗೂ ಎಲ್ಲೂ ತಡೆ ಆಗಲಿಲ್ಲ. ಅಜ್ಜ ಮಾಡಿದ ಪಾತ್ರವನ್ನು ಮೊಮ್ಮಗ ರಾಹುಲ್ ದೇಶಪಾಂಡೆ ಮಾಡಿದರು. ಹಳಬರು ಅಜ್ಜನ ರೆಕಾರ್ಡು ಹಿಡಿದೇ ಬಂದಿರುತ್ತಾರೆ ಬಿಡಿ, ಆದರೆ ಅಲ್ಲಿ ಹೋಲಿಕೆಯೂ ನಾಟಕದ ಭಾಗವೇ ಆಯಿತು. ಯಾರ ಗಾಯನ ಯಾರಿಗೆ ಸೇರಿದ್ದು ಅನ್ನುವ ಪ್ರಶ್ನೆ ರಂಗದ ಮೇಲೂ ಇತ್ತು, ಕೆಳಗೂ ಇತ್ತು.

2015ರಲ್ಲಿ ಅದು ಸಿನಿಮಾ ಆಯಿತು. ಆಮೇಲೆ ಹೊಸ ತಮಾಷೆ. ಸಿನಿಮಾಗೆಂದೇ ಮಾಡಿದ ಹೊಸ ಹಾಡುಗಳು ಅದರಲ್ಲಿದ್ದವು, ‘ಸೂರ್ ನಿರಾಗಸ್ ಹೋ’ ಥರದ್ದು. ಮನೆಮನೆಯಲ್ಲಿ ಅದೇ ಹಾಡು. ಈಗ ನಾಟಕಕ್ಕೆ ಬಂದವರು ಅದು ಯಾಕೆ ಇಲ್ಲ ಅಂತ ಕೇಳುತ್ತಾರೆ! ನಾಟಕ ಬರೆದ 48 ವರ್ಷದ ಮೇಲೆ ಹುಟ್ಟಿದ ಹಾಡು ನಾಟಕದಲ್ಲಿ ಇಲ್ಲ ಅನ್ನುವುದು ದೂರು. 2025ರ ಜನವರಿಯಲ್ಲಿ ‘ಮಾನಾಪಮಾನ’ವೂ ಸಿನಿಮಾ ಆಗಿ ಬಂದಿದೆ, ಅದರ ಸರದಿಯೂ ಬರುತ್ತದೆ.

ಇದು ಮರಾಠಿಯವರ ಕಾಯಿಲೆ ಅಂತ ತಿಳಿಯಬೇಡಿ. 2023ರಲ್ಲಿ ಮುಂಬಯಿಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ ‘ಸೌಂಡ್ ಆಫ್ ಮ್ಯೂಸಿಕ್’ ಅನ್ನುವ ಇಂಗ್ಲಿಷ್ ಸಂಗೀತ ನಾಟಕ ಬಂದಾಗ ನಮ್ಮ ಅಣ್ಣನ ಮಗ ಹೋಗಿ ಬಂದ. ಅವನ ವರದಿಯೂ ಇದೇ: ಚೆನ್ನಾಗಿತ್ತು ಕಾಕೂ, ಆದರೆ ಸಿನಿಮಾ ಥರ ಇಲ್ಲ. ಅಯ್ಯೋ, 1959ರ ನಾಟಕ ಮೊದಲು, 1965ರ ಸಿನಿಮಾ ಆಮೇಲೆ. ಎರಡು ಹಾಡು ಸಿನಿಮಾಗೆಂದೇ ಹೊಸದಾಗಿ ಬರೆದದ್ದು, ಕೆಲವು ಹಾಡುಗಳ ಜಾಗವೂ ಅದಲುಬದಲು. ಮಕ್ಕಳು ಗುಡುಗಿಗೆ ಹೆದರಿ ತಮ್ಮನ್ನು ನೋಡಿಕೊಳ್ಳುವ ಮರಿಯಾಳ ಕೋಣೆಗೆ ಓಡಿ ಬಂದಾಗಿನ ಆ ಪ್ರಸಿದ್ಧ ಹಾಡು ಮೂಲ ನಾಟಕದಲ್ಲಿ ಅಲ್ಲಿ ಇರಲೇ ಇಲ್ಲ. ಮರಿಯಾ ಮತ್ತು ಮಠದ ದೊಡ್ಡ ತಾಯಿ ಸೇರಿ ಹಾಡುವ ಹಾಡು ಅದು. ಯಾವುದು ಮೊದಲು ಕಿವಿಗೆ ಬಿತ್ತೋ ಅದೇ ಮೂಲ. ನಮ್ಮ ಅತ್ತೆಗೂ ಅವನಿಗೂ ಅರವತ್ತು ವರ್ಷದ ಅಂತರ, ಮಾತು ಮಾತ್ರ ಒಂದೇ.

ನಮ್ಮವರೇನು ಕಮ್ಮಿಯಲ್ಲ. ಬಿ.ವಿ. ಕಾರಂತರ ರಂಗಗೀತೆ ಶುರುವಾದರೆ ಮುಂಬಯಿಯ ಮಾಟುಂಗಾದ ಮೈಸೂರು ಅಸೋಸಿಯೇಷನ್ ಸಭಾಂಗಣದಲ್ಲಿ ಕೂತ ಅರ್ಧ ಜನ ನಟರಿಗಿಂತ ಅರ್ಧ ಮಾತ್ರೆ ಮೊದಲೇ ಮುಂದಿನ ಸಾಲಿಗೆ ಹೋಗಿರುತ್ತಾರೆ. ಪ್ರೀತಿಯೇ ಅದು, ಇಲ್ಲ ಅನ್ನುವುದಿಲ್ಲ. ಆದರೆ ಆ ಹಾಡು ನಾಟಕದಲ್ಲಿ ಯಾರು ಯಾರಿಗೆ, ಯಾಕೆ ಹಾಡಿದ್ದು ಅಂತ ಕೇಳಿ ನೋಡಿ.

‘ಘಾಶೀರಾಮ್ ಕೋತ್ವಾಲ್’ನ ಕಥೆ ಪೂರ್ತಿ ಬೇರೆ. ಅದರ ಮೊದಲ ಪ್ರಯೋಗ 1972ರ ಡಿಸೆಂಬರ್ 16ರಂದು ಪುಣೆಯಲ್ಲಿ. ವಿಜಯ್ ತೆಂಡುಲ್ಕರ್ ನಾಟಕ, ಜಬ್ಬಾರ್ ಪಟೇಲ್ ನಿರ್ದೇಶನ, ಭಾಸ್ಕರ ಚಂದಾವರ್ಕರ್ ಸಂಗೀತ. ನಮ್ಮ ‘ವಂಶವೃಕ್ಷ’ ಸಿನಿಮಾಕ್ಕೆ ಸಂಗೀತ ಕೊಟ್ಟ ಚಂದಾವರ್ಕರ್ ಇವರೇ. ಪೇಶ್ವೆಗಳ ಮಂತ್ರಿ ನಾನಾ ಫಡ್ನವೀಸರಿಗೆ ಅಪಮಾನ, ಬ್ರಾಹ್ಮಣರಿಗೆ ಅಪಮಾನ ಅಂತ ಎಷ್ಟು ಗಲಾಟೆ ಆಯಿತೆಂದರೆ 19 ಪ್ರಯೋಗಕ್ಕೆ ಅದನ್ನು ಆಡಿಸಿದ ಸಂಸ್ಥೆಯೇ ನಾಟಕ ನಿಲ್ಲಿಸಿತು. ಕಲಾವಿದರು ಹೊರಗೆ ಬಂದು ಥಿಯೇಟರ್ ಅಕಾಡೆಮಿ ಕಟ್ಟಿಕೊಂಡು 1974ರ ಜನವರಿಯಲ್ಲಿ ಮತ್ತೆ ಆಡಿದರು. ಅದರಲ್ಲಿ ಸಾಲಾಗಿ ನಿಂತ ಬ್ರಾಹ್ಮಣರೇ ಗೋಡೆ, ಅವರೇ ಪರದೆ, ಅವರೇ ಹಾಡುವವರು. ಅವತ್ತು ಜನ ಕುಣಿತ ನೋಡುತ್ತ ನೋಡುತ್ತ ತಮ್ಮನ್ನೇ ನೋಡಿಕೊಂಡು ಸಿಟ್ಟಾದರು. ಇವತ್ತು ಅದನ್ನು ಯಾರಾದರೂ ಆಡಿದರೆ ಆ ಗೋಡೆ ತೂಗಾಡಿದ ಕೂಡಲೇ ಚಪ್ಪಾಳೆ. ಕ್ಲಾಸಿಕ್ ನೋಡ್ತಾ ಇದೀವಿ ಅನ್ನುವ ಖುಷಿ. ಹಳಬರಾರೂ ಇಲ್ಲಿ ‘ಮೊದಲಿನಂಗ ಇಲ್ಲ’ ಅನ್ನುವುದಿಲ್ಲ, ಆದರೆ ನನ್ನ ಕೇಳಿದರೆ ಮೊದಲಿನಂತೆ ಇಲ್ಲದಿರುವುದು ಇಲ್ಲೇ ಜಾಸ್ತಿ.

ಮತ್ತೆ ಸೌಭದ್ರದ ಹುಡುಗರ ವಿಷಯಕ್ಕೆ ಬರುತ್ತೇನೆ. ಅವರ ಮೇಲೆ ನನಗೆ ಕನಿಕರ ಯಾಕೆ ಅಂದರೆ, ಆ ಬೆಸುಗೆ ಇದೆಯಲ್ಲ, ಅದು ತಾಲೀಮಿನಲ್ಲಿ ಸರಿಹೋಗುವ ವಸ್ತುವೇ ಅಲ್ಲ. ತಾಲೀಮಿನಲ್ಲಿ ಚಪ್ಪಾಳೆ ಇರುವುದಿಲ್ಲ, ವನ್ಸ್ ಮೋರ್ ಇರುವುದಿಲ್ಲ, ಹಾಡಿನ ನಡುವೆ ಗುನುಗುವ ಅತ್ತೆಯಂದಿರು ಇರುವುದಿಲ್ಲ. ಜನರ ಮುಂದೆ ಹತ್ತು ಸಲ ಎಡವಿದ ಮೇಲೆಯೇ ಅದು ಕೂಡುವುದು. ಹಳೇ ಕಂಪನಿಗಳಿಗೆ ಅದಕ್ಕೆ ಊರೂರು ಇತ್ತು, ಒಂದೂರಲ್ಲಿ ಎಡವಿ ಇನ್ನೊಂದೂರಿಗೆ ಗಾಡಿ ಕಟ್ಟುವುದು. ನ್ಯೂಯಾರ್ಕಿನವರು ಅದಕ್ಕೊಂದು ವ್ಯವಸ್ಥೆಯನ್ನೇ ಮಾಡಿಕೊಂಡರು. ಮೊದಲು ಬೇರೆ ಊರಲ್ಲಿ, ಇಲ್ಲವೇ ‘ಪ್ರಿವ್ಯೂ’ ಅಂತ ಹೇಳಿಯೇ, ಟಿಕೆಟ್ ಮಾರಿ ಆಡುತ್ತಾರೆ, ರಾತ್ರಿ ಶೋ ಮುಗಿಸಿ ಬೆಳಿಗ್ಗೆ ತಿದ್ದುತ್ತಾರೆ. ‘ಓಕ್ಲಹೋಮಾ’ ಅನ್ನುವ ಸಂಗೀತ ನಾಟಕ 1943ರಲ್ಲಿ ನ್ಯೂ ಹೇವನ್‌ನಲ್ಲಿ ಮೊದಲು ಆಡಿದಾಗ ಅದರ ಹೆಸರೇ ಬೇರೆ ಇತ್ತು. ನ್ಯೂಯಾರ್ಕಿಗೆ ಬರುವಷ್ಟರಲ್ಲಿ ಹೆಸರು ಬದಲಾಯಿತು, ಆಮೇಲೆ 2,212 ಪ್ರಯೋಗ. ‘ಮೆರಿಲಿ ವಿ ರೋಲ್ ಅಲಾಂಗ್’ 1981ರಲ್ಲಿ ಉದ್ಘಾಟನೆಯಾದ ಮೇಲೆ 16 ಪ್ರಯೋಗಕ್ಕೇ ಮುಚ್ಚಿತು. ಅದೇ ನಾಟಕ 2023ರಲ್ಲಿ ನ್ಯೂಯಾರ್ಕಿನ ನಾಟಕದ ಬೀದಿ ಬ್ರಾಡ್‌ವೇಗೆ ವಾಪಸ್ ಬಂದಾಗ ಟಿಕೆಟ್ ಸಿಗಲಿಲ್ಲ, ಮರುವರ್ಷ ಟೋನಿ ಪ್ರಶಸ್ತಿಯೂ ಬಂತು.

ನಮ್ಮಲ್ಲಿ? ‘ಶುಭಾರಂಭಾಚಾ ಪ್ರಯೋಗ’ (ಶುಭಾರಂಭದ ಪ್ರಯೋಗ) ಅಂತ ಪೇಪರಿನಲ್ಲಿ ಜಾಹೀರಾತು. ನಟರ ಮನೆಯವರು, ಹಾಡು ಕಲಿಸಿದ ಗುರುಗಳು, ಗುರುಗಳ ಇತರ ಶಿಷ್ಯರು, ಪಾಸ್ ಮೇಲೆ ಬಂದವರು, ಎಲ್ಲ ಮೊದಲ ಸಾಲುಗಳಲ್ಲಿ. ಅವರ ಚಪ್ಪಾಳೆ ನಂಬುವ ಹಾಗಿಲ್ಲ, ಅವರ ಮೌನವನ್ನೂ ನಂಬುವ ಹಾಗಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಬೇಡ ಅಂದರೂ ಫೋನ್ ಎತ್ತಿ 40 ಸೆಕೆಂಡ್ ಹಿಡಿಯುತ್ತಾರೆ, ಅದು ಮೂರನೇ ಅಂಕಕ್ಕೆ ಮೊದಲೇ ವಾಟ್ಸಾಪ್‌ನಲ್ಲಿ ಬಂದಿರುತ್ತದೆ. ಕೆಳಗೆ ಯಾರದ್ದೋ ತೀರ್ಪು: ಬಾಲಗಂಧರ್ವರ ಆತ್ಮಕ್ಕೆ ಶಾಂತಿ ಸಿಗಲಿ. ಮೂರು ನಿಮಿಷದ ರೆಕಾರ್ಡೇ ವಾಸಿ ಇತ್ತು.

ಬೋರ್ಡಿನ ಮೇಲೆ ‘ಮೊದಲ ಹತ್ತು ಪ್ರಯೋಗ ಅರ್ಧ ದರ, ಇನ್ನೂ ತಿದ್ದುತ್ತಿದ್ದೇವೆ’ ಅಂತ ಬರೆದರೆ ಏನು ಹೋಗುತ್ತದೆ? ಮರ್ಯಾದೆ ಹೋಗುತ್ತದೆ ಅಂತ ಒಬ್ಬರು ಹೇಳಿದರು. ನಾಲ್ಕು ಅಂಕ ಮಾತ್ರ ಆಡಿದ ಕಿರ್ಲೋಸ್ಕರರ ಮರ್ಯಾದೆ ಹೋಗಲಿಲ್ಲವಲ್ಲ.

ಮೊನ್ನೆ ಭಾನುವಾರ ಅದೇ ತಂಡದ ಪ್ರಯೋಗ ಚಿಂಚವಾಡದಲ್ಲಿ ಇತ್ತು, ಹನ್ನೊಂದನೆಯದು. ಅತ್ತೆಯನ್ನು ಮತ್ತೆ ಎಳೆದುಕೊಂಡು ಹೋದೆ. ಪಾಸಿನವರು ಯಾರೂ ಇರಲಿಲ್ಲ, ಸಭಾಂಗಣ ಮುಕ್ಕಾಲು ತುಂಬಿತ್ತು. ಇನ್ನೂ ಎರಡು ಪದ ಕತ್ತರಿಸಿದ್ದರು. ಆರ್ಗನ್‌ನವನು ಈಗ ಮಾತು ಮುಗಿಯುವ ತನಕ ಕಾಯುತ್ತಿರಲಿಲ್ಲ, ಅರ್ಜುನ ಮಾತಾಡುತ್ತಿದ್ದಾಗಲೇ ಕೆಳಗಿನಿಂದ ಸ್ವರ ಹಿಡಿದುಬಿಡುತ್ತಿದ್ದ. ಅರ್ಜುನ ಒಂದು ಹೆಜ್ಜೆ ಮುಂದೆ ಬರುವುದನ್ನು ಬಿಟ್ಟಿದ್ದ. ಸುಭದ್ರೆಯ ಕಡೆಗೇ ತಿರುಗಿ ಹಾಡಿದ, ಅವಳೂ ಸೆರಗು ಬಿಟ್ಟು ಅವನನ್ನು ನೋಡಿದಳು. ಕಳ್ಳ ಸನ್ಯಾಸಿ ಬಲರಾಮನಿಗೆ ಆಶೀರ್ವಾದ ಮಾಡುವಾಗ ನಮ್ಮ ಹಿಂದಿನ ಸಾಲಿನ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ವನ್ಸ್ ಮೋರ್ ಒಂದೇ ಸಲ ಬಂತು, ಅದೂ ದೊಡ್ಡ ಹಾಡಿಗಲ್ಲ, ನಾರದನ ಒಂದು ಸಣ್ಣ ಪದಕ್ಕೆ.

ರಿಕ್ಷಾದಲ್ಲಿ ಮತ್ತೆ ಕೇಳಿದೆ. ಎರಡು ಹಾಡು ಕಮ್ಮಿ ಆಗಿದ್ದು ಅತ್ತೆಗೆ ಗೊತ್ತೇ ಆಗಿರಲಿಲ್ಲ.

“ಇವತ್ತ ಆ ಹುಡುಗಾ ಖರೇನ ಅರ್ಜುನ ಇದ್ದಂಗ ಇದ್ದ ನೋಡು,” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ವಡಿ ಮಾತ್ರ ಆವತ್ತಿಂದೇ ಚಲೋ ಇತ್ತು.”